ದಯೆಯೂ ನ್ಯಾಯವೂ: ಕಪ್ತಾನ ಡ್ರೈಫಸನ ಬಿಡುಗಡೆ

ಮಹಾಭಾರತದ ಆದಿಪರ್ವದಲ್ಲಿ ಮಾಂಡವ್ಯನೆಂಬ ಋಷಿಯ ಕಥೆಯೊಂದು ಬರುತ್ತದೆ. ಕಳ್ಳರು ತಾವು ಕದ್ದ ಒಡವೆಯನ್ನು ಅವನ ಆಶ್ರಮದಲ್ಲಿ ಬಚ್ಚಿಟ್ಟು ತಾವೂ ಅಲ್ಲಿಯೇ ಅಡಗಿಕೊಂಡರು. ಬೆನ್ನಟ್ಟಿ ಬಂದ ರಾಜಭಟರು ಪ್ರಶ್ನೆಮಾಡಿದಾಗ, ಮೌನವ್ರತದಲ್ಲಿದ್ದ ಋಷಿಯು ಮಾತನಾಡಲಿಲ್ಲ. ಆ ಮೌನವೇ ಅಪರಾಧದ ಗುರುತಾಯಿತು. ಅರಸನು ಅವನನ್ನೂ ಕಳ್ಳರೊಡನೆ ಶೂಲಕ್ಕೇರಿಸಿದನು. ತಪೋಬಲದಿಂದ ಅವನ ಪ್ರಾಣ ಹೋಗಲಿಲ್ಲ. ನಿಜಸ್ಥಿತಿ ತಿಳಿದಮೇಲೆ ಅರಸನು ಬಂದು ಕ್ಷಮೆ ಬೇಡಿದನು; ಋಷಿಯೂ ಕ್ಷಮಿಸಿದನು. ಆದರೆ ಮೈಯಲ್ಲಿ ನಾಟಿದ್ದ ಶೂಲವು ಕೀಳಲು ಬರಲಿಲ್ಲ. ಹೊರಗಿನ ಭಾಗವನ್ನು ಕತ್ತರಿಸಿ ಅವನನ್ನು ಬಿಡಿಸಿದರು. ತುದಿಯು ಒಳಗೇ ಉಳಿಯಿತು. ಅಂದಿನಿಂದ ಅವನಿಗೆ ಅಣಿಮಾಂಡವ್ಯನೆಂದು ಹೆಸರಾಯಿತು.

ಯೂರೋಪಿನ ಚರಿತ್ರೆಯ ಒಂದು ಪ್ರಕರಣವನ್ನು ಪಾಠ ಹೇಳುವಾಗಲೆಲ್ಲ ನಮಗೆ ಈ ಕಥೆಯ ನೆನಪು ಬರುತ್ತದೆ. ಅದು ಫ್ರಾನ್ಸು ದೇಶದ ಕಪ್ತಾನ ಡ್ರೈಫಸನ ಪ್ರಕರಣ. ಅದನ್ನು ಕೇಳಿದ ವಿದ್ಯಾರ್ಥಿಗಳು ಪ್ರತಿವರ್ಷವೂ ತಪ್ಪದೆ ಒಂದು ಪ್ರಶ್ನೆಯನ್ನು ಹಾಕುತ್ತಾರೆ: ‘ಅವನು ನಿರಪರಾಧಿಯಾಗಿದ್ದ ಪಕ್ಷದಲ್ಲಿ ಕ್ಷಮೆಯನ್ನು ಏಕೆ ಒಪ್ಪಿಕೊಂಡನು? ತಪ್ಪು ಮಾಡದವನಿಗೆ ಕ್ಷಮೆಯೆಂದರೆ ಏನು?’ ಮೊದಲ ವರ್ಷಗಳಲ್ಲಿ ನಾವು ಇದಕ್ಕೆ ಸುಲಭವಾದ ಉತ್ತರವನ್ನು ಕೊಟ್ಟು ಮುಂದಿನ ಪ್ರಕರಣಕ್ಕೆ ಹೋಗಿಬಿಡುತ್ತಿದ್ದೆವು. ಪ್ರಶ್ನೆಯು ಅಷ್ಟು ಹಗುರವಾದುದಲ್ಲವೆಂದು ನಮಗೆ ತಿಳಿದುಬಂದುದು ಬಹುಕಾಲದಮೇಲೆ. ಅದೇ ಪ್ರಶ್ನೆಯನ್ನು ಇಂದು ಶ್ರೋತೃಗಳ ಮುಂದಿಡುತ್ತಿದ್ದೇವೆ.

ಮೊದಲು ಸಂಗತಿಯನ್ನು ಸಂಗ್ರಹವಾಗಿ ಹೇಳುವುದು ಅವಶ್ಯಕ. 1870–71ರ ಯುದ್ಧದಲ್ಲಿ ಫ್ರಾನ್ಸು ಜರ್ಮನಿಗೆ ಸೋತು, ಆಲ್ಸೇಸ್ ಪ್ರಾಂತವನ್ನು ಕಳೆದುಕೊಂಡಿತು. ಆಲ್ಫ್ರೆಡ್ ಡ್ರೈಫಸನು ಆ ಪ್ರಾಂತದ ಮುಲೂಸ್ ಪಟ್ಟಣದಲ್ಲಿ 1859ರಲ್ಲಿ ಹುಟ್ಟಿದವನು, ಯೆಹೂದ್ಯರ ಮನೆತನದವನು, ಫಿರಂಗಿದಳದಲ್ಲಿ ಕಪ್ತಾನನಾಗಿ, ಸೈನ್ಯದ ಪ್ರಧಾನ ಕಚೇರಿಯಲ್ಲಿ ಕೆಲಸಕ್ಕೆ ಸೇರಿದ್ದನು. 1894ರಲ್ಲಿ ಪ್ಯಾರಿಸ್ಸಿನ ಜರ್ಮನ್ ರಾಯಭಾರಿಯ ಕಚೇರಿಯ ಕಸದ ಕಾಗದಗಳೊಳಗಿಂದ ಒಂದು ಪಟ್ಟಿ ಫ್ರೆಂಚರ ಗೂಢಚಾರರ ಕೈಗೆ ಸಿಕ್ಕಿತು. ಸೈನ್ಯದ ರಹಸ್ಯಗಳನ್ನು ಯಾರೋ ಮಾರುತ್ತಿರುವರೆಂಬುದು ಅದರಿಂದ ಸ್ಪಷ್ಟವಾಯಿತು. ಯಾರೆಂಬುದು ಮಾತ್ರ ಸ್ಪಷ್ಟವಾಗಲಿಲ್ಲ. ಅಕ್ಷರದ ಹೋಲಿಕೆಯೊಂದನ್ನೇ ಹಿಡಿದು, ಯೆಹೂದ್ಯನೆಂಬ ದ್ವೇಷವನ್ನು ಅದಕ್ಕೆ ಕೂಡಿಸಿ, ಅಕ್ಟೋಬರ್ 15ರಂದು ಡ್ರೈಫಸನನ್ನು ಬಂಧಿಸಿದರು.

ಡಿಸೆಂಬರಿನಲ್ಲಿ ಸೇನಾ ನ್ಯಾಯಸ್ಥಾನವು ಬಾಗಿಲು ಮುಚ್ಚಿ ವಿಚಾರಣೆ ನಡೆಯಿಸಿತು. ನ್ಯಾಯಾಧಿಪತಿಗಳು ಆಲೋಚನೆಗೆ ಒಳಗೆ ಹೋದಾಗ ಯುದ್ಧಮಂತ್ರಿಯ ಕಚೇರಿಯಿಂದ ಗುಪ್ತವಾದ ಕಡತವೊಂದು ಅವರಿಗೆ ತಲಪಿತು. ಅದರಲ್ಲೇನಿತ್ತೆಂದು ಆಪಾದಿತನಿಗೂ ತಿಳಿಯದು, ಅವನ ವಕೀಲನಿಗೂ ತಿಳಿಯದು. ಏಳು ಮಂದಿಯೂ ಏಕಮತದಿಂದ ಅವನು ದ್ರೋಹಿಯೆಂದರು. ರಾಜಕೀಯ ಅಪರಾಧಗಳಿಗೆ ಮರಣದಂಡನೆಯು 1848ರಲ್ಲಿಯೇ ರದ್ದಾಗಿದ್ದುದರಿಂದ ತಲೆ ಉಳಿಯಿತು. ಯಾವಜ್ಜೀವ ದ್ವೀಪಾಂತರದ ಶಿಕ್ಷೆಯಾಯಿತು. 1895ರ ಜನವರಿ 5ರಂದು ಪ್ಯಾರಿಸ್ಸಿನ ಸೈನಿಕಶಾಲೆಯ ಅಂಗಳದಲ್ಲಿ ಅವನ ಉಡುಪಿನ ಪಟ್ಟಿಗಳನ್ನು ಹರಿದು, ಕತ್ತಿಯನ್ನು ಮುರಿದರು. ತಾನು ನಿರಪರಾಧಿಯೆಂದು ಅವನು ಕೂಗಿ ಹೇಳುತ್ತಿದ್ದನು. ಹೊರಗೆ ನೆರೆದಿದ್ದ ಜನ ಅವನಿಗೆ ಸಾವನ್ನು ಬಯಸಿ ಕೂಗುತ್ತಿದ್ದರು.

ನಮ್ಮ ಜನ ಅಂಡಮಾನಿನ ಶಿಕ್ಷೆಯನ್ನು ಕರಿನೀರೆಂದು ಕರೆದರು. ಫ್ರೆಂಚರ ಕರಿನೀರು ದಕ್ಷಿಣ ಅಮೆರಿಕದ ಗಯಾನಾ ತೀರದಲ್ಲಿತ್ತು. ಅಲ್ಲಿಯ ಪಿಶಾಚದ್ವೀಪವೆಂಬ ಬಂಡೆಯಮೇಲೆ ಡ್ರೈಫಸನು ನಾಲ್ಕು ವರ್ಷಗಳಿಗೂ ಹೆಚ್ಚು ಕಾಲವನ್ನು ಒಂಟಿಯಾಗಿ ಕಳೆದನು. ಕಾವಲುಗಾರರು ಅವನೊಡನೆ ಮಾತನಾಡಕೂಡದೆಂದು ಆಜ್ಞೆಯಿತ್ತು. 1896ರಲ್ಲಿ ಅವನು ತಪ್ಪಿಸಿಕೊಂಡನೆಂಬ ಸುಳ್ಳು ಸುದ್ದಿ ಹಬ್ಬಿದಾಗ, ಹಲವು ವಾರ ರಾತ್ರಿಯ ಹೊತ್ತು ಅವನ ಕಾಲುಗಳನ್ನು ಮಂಚಕ್ಕೆ ಸೇರಿಸಿ ಬೇಡಿ ಹಾಕಿದರು. ಸಮುದ್ರವೂ ಕಾಣಿಸದಂತೆ ಗುಡಿಸಿಲಿನ ಸುತ್ತ ಎತ್ತರವಾದ ಬೇಲಿಯನ್ನೆತ್ತಿದರು. ತಂದೆಯು ದೂರದ ಪ್ರಯಾಣಕ್ಕೆ ಹೋಗಿದ್ದಾನೆಂದು ಅವನ ಇಬ್ಬರು ಪುಟ್ಟ ಮಕ್ಕಳಿಗೆ ಮನೆಯಲ್ಲಿ ಹೇಳಿದ್ದರು.

ಈ ನಡುವೆ ಸತ್ಯವು ಸ್ವಲ್ಪಸ್ವಲ್ಪವಾಗಿ ಹೊರಬೀಳುತ್ತಿತ್ತು. ಗೂಢಚಾರ ವಿಭಾಗಕ್ಕೆ ಹೊಸದಾಗಿ ಮುಖ್ಯಸ್ಥನಾದ ಪಿಕಾರನು, ಪಟ್ಟಿಯ ಅಕ್ಷರವು ಎಸ್ಟರ್‌ಹಾಜಿಯೆಂಬ ಇನ್ನೊಬ್ಬ ಅಧಿಕಾರಿಯದೆಂದು 1896ರಲ್ಲಿ ಕಂಡುಹಿಡಿದನು. ಮೇಲಧಿಕಾರಿಗಳು ಅವನನ್ನು ಟ್ಯುನೀಸಿಯಕ್ಕೆ ಅಟ್ಟಿದರು. 1898ರ ಜನವರಿ 11ರಂದು ಎಸ್ಟರ್‌ಹಾಜಿಯ ವಿಚಾರಣೆಯ ನಟನೆ ನಡೆದು ಅವನು ಬಿಡುಗಡೆಯಾದನು. ಎರಡು ದಿನಗಳಲ್ಲಿ ಕಾದಂಬರಿಕಾರ ಜೋಲಾನು ಹೊಣೆಗಾರರ ಹೆಸರುಗಳನ್ನೆತ್ತಿ ಪತ್ರಿಕೆಯಲ್ಲಿ ಬಹಿರಂಗ ಪತ್ರವನ್ನು ಪ್ರಕಟಿಸಿದನು. ಅದಕ್ಕಾಗಿ ಶಿಕ್ಷೆಗೊಳಗಾಗಿ ಇಂಗ್ಲೆಂಡಿಗೆ ಹೋಗಬೇಕಾಯಿತು. ಅದೇ ವರ್ಷ ಆಗಸ್ಟಿನಲ್ಲಿ, ಡ್ರೈಫಸನ ಮೇಲಣ ಮುಖ್ಯವಾದ ಕಾಗದವೊಂದನ್ನು ತಾನೇ ಸೃಷ್ಟಿಸಿದುದಾಗಿ ಆನ್ರಿಯೆಂಬ ಅಧಿಕಾರಿಯು ಒಪ್ಪಿಕೊಂಡನು. ಮರುದಿನ ಸೆರೆಯಲ್ಲಿ ಸತ್ತುಬಿದ್ದಿದ್ದನು. 1899ರ ಜೂನ್ 3ರಂದು ದೇಶದ ಅತ್ಯುಚ್ಚ ನ್ಯಾಯಸ್ಥಾನವು ಮೊದಲ ತೀರ್ಪನ್ನು ತಳ್ಳಿಹಾಕಿ, ರೆನ್ ಪಟ್ಟಣದಲ್ಲಿ ಹೊಸದಾಗಿ ಸೇನಾ ವಿಚಾರಣೆ ನಡೆಯತಕ್ಕದ್ದೆಂದು ವಿಧಿಸಿತು.

ಇಷ್ಟಾದಮೇಲೆ ಬಿಡುಗಡೆಯು ನಿಶ್ಚಯವೆಂದು ಲೋಕವೆಲ್ಲ ತಿಳಿದಿತ್ತು. ಸೆಪ್ಟೆಂಬರ್ 9ರಂದು ತೀರ್ಪು ಹೊರಬಿತ್ತು. ಏಳು ಮಂದಿಯಲ್ಲಿ ಐವರು ಅವನನ್ನು ಮತ್ತೆ ಅಪರಾಧಿಯೆಂದರು. ಅದರೊಡನೆ, ಶಿಕ್ಷೆಯನ್ನು ತಗ್ಗಿಸತಕ್ಕ ಸಂದರ್ಭಗಳು ಉಂಟೆಂದೂ ಸೇರಿಸಿ, ಹತ್ತು ವರ್ಷಗಳ ಸೆರೆಯನ್ನು ವಿಧಿಸಿದರು. ದೇಶದ್ರೋಹಕ್ಕೆ ತಗ್ಗಿಸತಕ್ಕ ಸಂದರ್ಭವೆಂದರೆ ಯಾವುದು? ದ್ರೋಹ ಮಾಡಿದ್ದರೆ ಅದು ಘೋರ. ಮಾಡಿಲ್ಲದಿದ್ದರೆ ಶಿಕ್ಷೆಯೇ ಅನ್ಯಾಯ. ಸೈನ್ಯದ ಮಾನವನ್ನೂ ತಮ್ಮ ಮನಸ್ಸಾಕ್ಷಿಯನ್ನೂ ಒಟ್ಟಿಗೆ ಉಳಿಸಿಕೊಳ್ಳಬೇಕೆಂದು ಹೊರಟವರ ತೀರ್ಪು ಅದು, ಎರಡೂ ಉಳಿಯಲಿಲ್ಲ.

ನಮ್ಮ ವಿಷಯವು ಪ್ರಾರಂಭವಾಗುವುದು ಇಲ್ಲಿಂದ. ಪ್ರಧಾನಮಂತ್ರಿ ವಾಲ್ಡೆಕ್ ರೂಸೋವಿನ ಸರ್ಕಾರಕ್ಕೆ ಈ ತೀರ್ಪು ದೊಡ್ಡ ಸಂಕಟವನ್ನು ತಂದಿತು. ಮರುವರ್ಷ ಪ್ಯಾರಿಸ್ಸಿನಲ್ಲಿ ಸರ್ವರಾಷ್ಟ್ರಗಳ ವಸ್ತುಪ್ರದರ್ಶನವು ನಡೆಯಬೇಕಾಗಿತ್ತು; ಅದನ್ನು ಬಹಿಷ್ಕರಿಸಬೇಕೆಂಬ ಕೂಗು ಹೊರದೇಶಗಳಲ್ಲಿ ಎದ್ದಿತು. ಒಳಗಡೆ ಸೈನ್ಯವನ್ನು ಎದುರುಹಾಕಿಕೊಳ್ಳುವುದೂ ಕಷ್ಟ. ಆಗ ರಾಷ್ಟ್ರಾಧ್ಯಕ್ಷನ ಕ್ಷಮಾದಾನವೆಂಬ ಮೂರನೆಯ ದಾರಿ ಕಾಣಿಸಿತು. ಆದರೆ ಅಂತಿಮವಾಗದ ಶಿಕ್ಷೆಯನ್ನು ಕ್ಷಮಿಸಲು ಬರುವುದಿಲ್ಲ. ಡ್ರೈಫಸನು ರೆನ್ನಿನ ತೀರ್ಪಿನಮೇಲೆ ಅಪೀಲಿಗೆ ರುಜುಹಾಕಿದ್ದನು; ಕ್ಷಮೆ ಬೇಕಾದರೆ ಅಪೀಲನ್ನು ಹಿಂತೆಗೆದುಕೊಳ್ಳಬೇಕು. ಹಿಂತೆಗೆದುಕೊಂಡರೆ ತೀರ್ಪಿಗೆ ತಲೆಬಾಗಿದಂತೆ ಲೋಕಕ್ಕೆ ಕಾಣುತ್ತದೆ. ತೆಗೆದುಕೊಳ್ಳದಿದ್ದರೆ ಮತ್ತೊಂದು ಸೇನಾ ನ್ಯಾಯಸ್ಥಾನ, ಮತ್ತಷ್ಟು ತಿಂಗಳ ಸೆರೆ.

ಸೆರೆಯಲ್ಲಿದ್ದವನ ಸ್ಥಿತಿ ಹೇಗಿತ್ತು? ವಯಸ್ಸು ಇನ್ನೂ ನಲವತ್ತು ತುಂಬಿರಲಿಲ್ಲ. ನೋಡಿದವರಿಗೆ ಮುದುಕನಂತೆ ಕಾಣುತ್ತಿದ್ದನು. ಉಷ್ಣದೇಶದ ಜ್ವರವು ಮೈಯನ್ನು ಇಳಿಸಿತ್ತು. ವರ್ಷಗಟ್ಟಲೆ ಮಾತನಾಡದಿದ್ದುದರಿಂದ ನಾಲಗೆಯೂ ಸರಿಯಾಗಿ ಹೊರಳುತ್ತಿರಲಿಲ್ಲ. ಅಣ್ಣನಾದ ಮಾತ್ಯೂ ಐದು ವರ್ಷಗಳ ಕಾಲ ತನ್ನ ವ್ಯಾಪಾರ, ಸುಖ, ಸಂಸಾರ ಎಲ್ಲವನ್ನೂ ಬದಿಗಿಟ್ಟು ತಮ್ಮನಿಗಾಗಿ ಹೋರಾಡಿದ್ದವನು. ತಮ್ಮನು ಇನ್ನು ಸೆರೆಯಲ್ಲಿ ಉಳಿದರೆ ಬದುಕುವುದಿಲ್ಲವೆಂದು ಅವನಿಗೆ ತೋರಿತು.

ಸೆಪ್ಟೆಂಬರ್ 11ರಂದು ಮಿಲರಾನನೆಂಬ ಮಂತ್ರಿಯ ಕಚೇರಿಯಲ್ಲಿ ಡ್ರೈಫಸನ ಪಕ್ಷದ ಮುಖಂಡರು ಸೇರಿದರು. ಇವರಲ್ಲಿ ಕ್ಲೆಮಾನ್ಸೋ ಮತ್ತು ಜೋರೇಸ್ ಎಂಬ ಇಬ್ಬರನ್ನು ವಿಶೇಷವಾಗಿ ಗಮನಿಸಬೇಕು. ಇಬ್ಬರೂ 1894ರಲ್ಲಿ ಡ್ರೈಫಸನನ್ನು ಅಪರಾಧಿಯೆಂದೇ ನಂಬಿದ್ದವರು; ಸಾಮಾನ್ಯ ಸಿಪಾಯಿಗೆ ಗುಂಡು, ಅಧಿಕಾರಿಗೆ ಮಾತ್ರ ಪ್ರಾಣದಾನವೇ ಎಂದು ಜೋರೇಸನು ಶಾಸನಸಭೆಯಲ್ಲಿಯೇ ಆಕ್ಷೇಪಿಸಿದ್ದನು. ಸಾಕ್ಷ್ಯವನ್ನು ಕಂಡಮೇಲೆ ತಮ್ಮ ತಪ್ಪನ್ನು ತಿದ್ದಿಕೊಂಡು, ಅವನ ಪರವಾಗಿ ದೇಶವನ್ನೆಲ್ಲ ಎದುರಿಸಿದವರು.

ಕ್ಲೆಮಾನ್ಸೋವಿನ ವಾದವು ಕಠಿನವಾಗಿತ್ತು. ಈ ಹೋರಾಟವು ಒಬ್ಬ ಕಪ್ತಾನನದಲ್ಲ. ರಾಜ್ಯವು ಗುಪ್ತ ಕಡತದಿಂದ ಯಾರನ್ನು ಬೇಕಾದರೂ ಹಾಳುಮಾಡಬಹುದೆ ಎಂಬ ಪ್ರಶ್ನೆ ಇದರಲ್ಲಿ ಅಡಗಿದೆ. ಇಡೀ ಜನಾಂಗವನ್ನು ನ್ಯಾಯದ ಹೆಸರಿನಲ್ಲಿ ಎಬ್ಬಿಸಿ ನಿಲ್ಲಿಸಿದಮೇಲೆ, ಅಪೀಲನ್ನು ಹಿಂತೆಗೆದುಕೊಂಡು ಕ್ಷಮೆಯ ಹಿಂದಿನ ಬಾಗಿಲಿನಿಂದ ಹೊರಬರುವುದೆಂದರೆ, ಜೊತೆಗೆ ಬಂದವರನ್ನೆಲ್ಲ ನಡುದಾರಿಯಲ್ಲಿ ಕೈಬಿಟ್ಟಂತಾಗುತ್ತದೆ—ಇದು ಅವನ ಅಭಿಪ್ರಾಯ. ಈ ವಾದದಲ್ಲಿ ಸುಳ್ಳಾದುದು ಒಂದೂ ಇಲ್ಲ. ಆದರೆ ಆ ವಾದಕ್ಕೆ ಬೆಲೆಯನ್ನು ತೆರಬೇಕಾದವನು ಕ್ಲೆಮಾನ್ಸೋ ಅಲ್ಲ. ರೆನ್ನಿನ ಸೆರೆಮನೆಯಲ್ಲಿ ಮಲಗಿದ್ದ ರೋಗಿ. ಒಂದು ತತ್ತ್ವಕ್ಕಾಗಿ ಪ್ರಾಣವನ್ನು ಕೊಡುವವನು ವೀರ. ಇನ್ನೊಬ್ಬನ ಪ್ರಾಣವನ್ನು ಕೊಡಲು ಸಿದ್ಧನಾದವನನ್ನು ಏನೆಂದು ಕರೆಯೋಣ? ಕ್ಲೆಮಾನ್ಸೋವಿಗೂ ಇದು ತಿಳಿಯದೆ ಇರಲಿಲ್ಲ. ತಾನೇ ಅಣ್ಣನ ಸ್ಥಾನದಲ್ಲಿದ್ದರೆ ಒಪ್ಪಿಕೊಳ್ಳುತ್ತಿದ್ದೆನೆಂದು ಅವನು ಕೊನೆಗೆ ಮಾತ್ಯೂವಿನ ಮುಂದೆ ಹೇಳಿದನು.

ಜೋರೇಸನು ನಡುವಣ ದಾರಿಯನ್ನು ತೋರಿಸಿದನು. ಬಿಡುಗಡೆಯನ್ನು ಒಪ್ಪಿಕೊಳ್ಳಬಹುದು, ಆದರೆ ಮೌನವಾಗಿ ಒಪ್ಪಿಕೊಳ್ಳಕೂಡದು. ಹೊರಗೆ ಬಂದ ಕ್ಷಣದಲ್ಲಿಯೇ ತಾನು ನಿರಪರಾಧಿಯೆಂದೂ, ಮಾನವು ಮರಳುವ ತನಕ ತನ್ನ ಪ್ರಯತ್ನವು ನಿಲ್ಲುವುದಿಲ್ಲವೆಂದೂ ಅವನು ಲೋಕಕ್ಕೆ ಸಾರಬೇಕು. ಆ ಹೇಳಿಕೆಯನ್ನು ಬರೆಯುವುದರಲ್ಲಿ ಜೋರೇಸನ ಕೈಯೂ ಇತ್ತು. ಡ್ರೈಫಸನು ಮೊದಲು ಒಪ್ಪಲಿಲ್ಲ. ಅಣ್ಣನು ಸೆರೆಮನೆಗೆ ಬಂದು, ಹೆಂಡತಿ ಮಕ್ಕಳನ್ನು ನೆನಪಿಗೆ ತಂದಮೇಲೆ ಅಪೀಲನ್ನು ಹಿಂತೆಗೆದುಕೊಂಡನು.

ಸೆಪ್ಟೆಂಬರ್ 19ರಂದು ರಾಷ್ಟ್ರಾಧ್ಯಕ್ಷ ಲೂಬೆ ಕ್ಷಮಾಪತ್ರಕ್ಕೆ ರುಜುಹಾಕಿದನು. ಅದಕ್ಕೆ ಆಧಾರವಾದ ವಿಜ್ಞಾಪನೆಯನ್ನು ಬರೆದವನು ಯುದ್ಧಮಂತ್ರಿ ಗಾಲಿಫೆ. 1871ರಲ್ಲಿ ಪ್ಯಾರಿಸ್ಸಿನ ಬಂಡಾಯಗಾರರನ್ನು ನಿರ್ದಯೆಯಿಂದ ಅಡಗಿಸಿದ ಜನರಲ್ಲನು. ಕೈದಿಯ ಆರೋಗ್ಯವು ಬಹಳವಾಗಿ ಕೆಟ್ಟಿದೆ, ದೀರ್ಘಕಾಲದ ಸೆರೆಯನ್ನು ಅವನು ಅಪಾಯವಿಲ್ಲದೆ ತಾಳಲಾರನು ಎಂಬುದು ಅದರ ಸಾರ. ಅಪರಾಧದ ವಿಷಯದಲ್ಲಿ ಮರುವಿಚಾರವೇನೂ ಇಲ್ಲ; ತೀರ್ಪು ತಪ್ಪೆಂಬ ಸೂಚನೆಯೂ ಇಲ್ಲ. ರೋಗಿಯಾದ ಒಬ್ಬ ದ್ರೋಹಿಯ ಮೇಲೆ ರಾಜ್ಯವು ಕನಿಕರ ತೋರಿಸಿತು, ಅಷ್ಟೆ. ಡ್ರೈಫಸನ ನಿರಪರಾಧಿತ್ವವನ್ನು ಶಾಸನಸಭೆಯ ದೊಡ್ಡವರೊಳಗೆ ಮೊದಲು ಎತ್ತಿ ಹಿಡಿದ ಷೂರರ್ ಕೆಸ್ಟ್ನರನು ತೀರಿಕೊಂಡುದೂ ಅದೇ ದಿನ.

ಡ್ರೈಫಸನು ಜೋರೇಸನ ಮಾತಿನಂತೆಯೇ ನಡೆದುಕೊಂಡನು. ಮಾನವಿಲ್ಲದ ಸ್ವಾತಂತ್ರ್ಯ ತನಗೆ ಏನೂ ಅಲ್ಲವೆಂದು ಸಾರಿ, ದಕ್ಷಿಣದ ಕಾರ್ಪಾಂತ್ರಾಸ್ ಪಟ್ಟಣದಲ್ಲಿದ್ದ ಸೋದರಿಯ ಮನೆಗೆ ಹೋಗಿ, ಐದು ವರ್ಷಗಳಮೇಲೆ ಮಕ್ಕಳ ಮುಖವನ್ನು ನೋಡಿದನು. ಗಾಲಿಫೆಯಾದರೋ, ಪ್ರಕರಣವು ಮುಗಿಯಿತೆಂದು ಸೈನ್ಯಕ್ಕೆ ಆಜ್ಞಾಪತ್ರವನ್ನು ಹೊರಡಿಸಿದನು. ಒಂದೇ ಕ್ಷಮಾಪತ್ರವನ್ನು ಒಬ್ಬನು ಪ್ರಾರಂಭವೆಂದು ಓದಿದನು, ಇನ್ನೊಬ್ಬನು ಮುಕ್ತಾಯವೆಂದು ಓದಿದನು. ಮುಂದಿನ ಚರ್ಚೆಯೆಲ್ಲ ಈ ಎರಡು ಓದುಗಳ ನಡುವಣ ಜಗಳ.

ಸರ್ಕಾರವು ಮುಕ್ತಾಯವನ್ನೇ ಬಯಸಿತು. 1900ರ ಡಿಸೆಂಬರಿನಲ್ಲಿ ಈ ಪ್ರಕರಣಕ್ಕೆ ಸೇರಿದ ಎಲ್ಲ ಅಪರಾಧಗಳಿಗೂ ಸಾರ್ವತ್ರಿಕ ಕ್ಷಮೆಯನ್ನು ಕೊಡುವ ಶಾಸನವಾಯಿತು. ಸುಳ್ಳು ಕಾಗದ ಸೃಷ್ಟಿಸಿದವರೂ, ಅದನ್ನು ಬಯಲಿಗೆಳೆದು ಶಿಕ್ಷೆಗೊಳಗಾದವರೂ ಒಂದೇ ತಕ್ಕಡಿಯಲ್ಲಿ ತೂಗಿ ಕ್ಷಮಿಸಲ್ಪಟ್ಟರು. ಜೋಲಾನೂ ಪಿಕಾರನೂ ಪ್ರತಿಭಟಿಸಿದರು. ಆ ಶಾಸನವು ಚರ್ಚೆಯಲ್ಲಿದ್ದಾಗಲೇ ಡ್ರೈಫಸನು ಸೆನೆಟ್ ಸಭೆಗೆ ಪತ್ರ ಬರೆದು, ಅಪರಾಧಿಗಳ ವಿಚಾರಣೆ ನಿಂತುಹೋದರೆ ಸತ್ಯವು ಹೊರಬೀಳುವ ದಾರಿಯೇ ಮುಚ್ಚುವುದೆಂದು ಬೇಡಿಕೊಂಡನು. ದಯೆಯ ಹೆಸರಿನಲ್ಲಿ ಬರುವ ಅಪಾಯವು ಇದೇ. ದುಃಖದಲ್ಲಿರುವವನನ್ನು ಎತ್ತುವ ದಯೆ ಒಂದು. ತಪ್ಪುಮಾಡಿದ ರಾಜ್ಯವು ತನ್ನ ಮೇಲೆಯೇ ತೋರಿಸಿಕೊಳ್ಳುವ ದಯೆ ಇನ್ನೊಂದು. ಎರಡಕ್ಕೂ ಒಂದೇ ಹೆಸರಿರುವುದರಿಂದ ಜನ ಮೋಸಹೋಗುತ್ತಾರೆ.

ಪಕ್ಷವೂ ಒಡೆಯಿತು. ತನಗಾಗಿ ಸೆರೆವಾಸವನ್ನು ಅನುಭವಿಸಿದ ಪಿಕಾರನೂ, ರೆನ್ನಿನ ವಿಚಾರಣೆಯ ನಡುವೆ ಗುಂಡಿನೇಟು ತಿಂದ ವಕೀಲ ಲಾಬೋರಿಯೂ ಡ್ರೈಫಸನಿಂದ ದೂರವಾದರು. ಅವನು ತಮ್ಮ ಎಣಿಕೆಯ ವೀರನಾಗಲಿಲ್ಲವೆಂಬುದು ಹಲವರ ಕೊರಗು. ಆದರೆ ಅವನು ಹಟವನ್ನು ಬಿಡಲಿಲ್ಲ. 1903ರಲ್ಲಿ ಜೋರೇಸನು ಶಾಸನಸಭೆಯಲ್ಲಿ ವಿಷಯವನ್ನು ಮತ್ತೆ ಎತ್ತಿದನು. ಯುದ್ಧಮಂತ್ರಿಯ ಕಚೇರಿಯ ಕಡತಗಳನ್ನು ಶೋಧಿಸಿದಾಗ ಇನ್ನೂ ಕೆಲವು ತಿದ್ದಿದ ಕಾಗದಗಳು ಸಿಕ್ಕಿದವು. 1906ರ ಜುಲೈ 12ರಂದು ಅತ್ಯುಚ್ಚ ನ್ಯಾಯಸ್ಥಾನವು, ಅವನ ಮೇಲಣ ಆರೋಪದಲ್ಲಿ ನಿಲ್ಲತಕ್ಕದ್ದು ಒಂದೂ ಉಳಿದಿಲ್ಲವೆಂದು ಹೇಳಿ, ಇನ್ನೊಂದು ವಿಚಾರಣೆಗೆ ಕಳುಹಿಸದೆ ರೆನ್ನಿನ ತೀರ್ಪನ್ನು ರದ್ದುಮಾಡಿತು. ಪರಿಹಾರದ ಹಣ ತನಗೆ ಬೇಡವೆಂದು ಅವನು ಬಿಟ್ಟುಕೊಟ್ಟಿದ್ದನು. ಹಿಂದೆ ಕತ್ತಿ ಮುರಿದ ಸೈನಿಕಶಾಲೆಯಲ್ಲಿಯೇ ಅವನ ಎದೆಗೆ ಪದಕವನ್ನು ತೊಡಿಸಿದರು.

ಶೂಲದ ತುದಿಯು ಆಗಲೂ ಪೂರ್ತಿಯಾಗಿ ಹೊರಬರಲಿಲ್ಲ. ಸೆರೆಯಲ್ಲಿ ಕಳೆದ ವರ್ಷಗಳನ್ನು ಲೆಕ್ಕಕ್ಕೆ ಹಿಡಿದು ತಕ್ಕ ಪದವಿಯನ್ನು ಕೊಡಲಿಲ್ಲ. ಮರುವರ್ಷವೇ ಅವನು ಕೆಲಸದಿಂದ ನಿವೃತ್ತನಾದನು. 1908ರಲ್ಲಿ ಜೋಲಾನ ಅವಶೇಷವನ್ನು ಪ್ಯಾಂಥಿಯನ್ನಿಗೆ ತಂದಾಗ ಒಬ್ಬನು ಡ್ರೈಫಸನಮೇಲೆ ಗುಂಡು ಹಾರಿಸಿ ತೋಳನ್ನು ಗಾಯಪಡಿಸಿದನು. ಜೂರಿಗಳು ಹೊಡೆದವನನ್ನು ನಿರ್ದೋಷಿಯೆಂದು ಬಿಟ್ಟರು. 1914ರಲ್ಲಿ ಯುದ್ಧವಾದಾಗ ಡ್ರೈಫಸನು ಅದೇ ದೇಶಕ್ಕಾಗಿ ಮತ್ತೆ ಸೈನ್ಯವನ್ನು ಸೇರಿದನು. 1935ರ ಜುಲೈ 12ರಂದು ತೀರಿಕೊಂಡನು. ಅವನಿಗೆ ಸಲ್ಲಬೇಕಾಗಿದ್ದ ಜನರಲ್ ಪದವಿಯನ್ನು ಫ್ರಾನ್ಸಿನ ಶಾಸನಸಭೆಗಳು ಒಪ್ಪಿ ಕೊಟ್ಟುದು 2025ರಲ್ಲಿ.

ಕಾಲವು ಕಳೆದರೂ ಪ್ರಶ್ನೆಯು ಹಳೆಯದಾಗಲಿಲ್ಲ. 1988ರ ಡಿಸೆಂಬರ್ 21ರಂದು ಸ್ಕಾಟ್ಲೆಂಡಿನ ಲಾಕರ್‌ಬಿ ಊರಿನ ಮೇಲೆ ವಿಮಾನವೊಂದು ಬಾಂಬಿನಿಂದ ಸಿಡಿದು 270 ಜನ ಸತ್ತರು. ಅದಕ್ಕಾಗಿ ಲಿಬಿಯದ ಮೆಗ್ರಾಹಿಯೆಂಬವನಿಗೆ 2001ರಲ್ಲಿ ಯಾವಜ್ಜೀವ ಶಿಕ್ಷೆಯಾಯಿತು. ತೀರ್ಪಿನಲ್ಲಿ ಅನ್ಯಾಯವಾಗಿರಬಹುದೆಂದು ಅಲ್ಲಿಯ ಪುನರ್ವಿಮರ್ಶೆಯ ಮಂಡಲಿಯು 2007ರಲ್ಲಿ ಹೇಳಿ ಎರಡನೆಯ ಅಪೀಲಿಗೆ ಎಡೆಮಾಡಿತು. ಅಷ್ಟರಲ್ಲಿ ಅವನಿಗೆ ಅರ್ಬುದರೋಗವು ತಗುಲಿತು. 2009ರ ಆಗಸ್ಟಿನಲ್ಲಿ ಅವನು ಅಪೀಲನ್ನು ಬಿಟ್ಟನು. ಕೆಲವು ದಿನಗಳಲ್ಲಿ ಸ್ಕಾಟ್ಲೆಂಡಿನ ನ್ಯಾಯಮಂತ್ರಿಯು ಕನಿಕರದಿಂದ ಅವನನ್ನು ಬಿಡುಗಡೆಮಾಡಿದನು. ಸತ್ತವರ ಬಂಧುಗಳಲ್ಲಿ ಅನೇಕರು ಕನಲಿದರು; ಮತ್ತೆ ಕೆಲವರು, ಸತ್ಯವನ್ನು ತಿಳಿಯುವ ಸಂದರ್ಭವೇ ತಪ್ಪಿಹೋಯಿತೆಂದು ನೊಂದರು. ಅವನು 2012ರಲ್ಲಿ ಸತ್ತನು. ಮನೆಯವರು ಮುಂದುವರಿಸಿದ ಅಪೀಲನ್ನು ನ್ಯಾಯಸ್ಥಾನವು 2021ರಲ್ಲಿ ತಳ್ಳಿಹಾಕಿತು. ಇಬ್ಬರ ಸ್ಥಿತಿಯೂ ಒಂದೇ ಎಂದು ನಾವು ಹೇಳುವುದಿಲ್ಲ: ಒಬ್ಬನನ್ನು ನ್ಯಾಯಸ್ಥಾನವು ನಿರಪರಾಧಿಯೆಂದು ಸಾರಿತು, ಇನ್ನೊಬ್ಬನ ಶಿಕ್ಷೆಯು ನಿಂತಿತು. ಆದರೆ ಸಂದೇಹವು ತೀರುವ ಮೊದಲೇ ದಯೆಯು ಬಂದರೆ ಯಾರ ಮನಸ್ಸಿಗೂ ಸಮಾಧಾನವಾಗದೆಂಬುದು ಎರಡರಲ್ಲಿಯೂ ಕಾಣುತ್ತದೆ.

ಹಾಗಾದರೆ ಸಂದೇಹವು ತೀರುವ ತನಕ ದಯೆಯು ಕಾಯಬೇಕೆ? ಕಾಯಬೇಕೆಂದು ನಾವು ಹೇಳಲಾರೆವು. ಡ್ರೈಫಸನ ನ್ಯಾಯವು ಬಂದುದು ಕ್ಷಮೆಯಾದ ಏಳು ವರ್ಷಗಳಮೇಲೆ. ಆ ಏಳು ವರ್ಷ ಅವನು ಸೆರೆಯಲ್ಲಿದ್ದಿದ್ದರೆ, 1906ರ ತೀರ್ಪನ್ನು ಗೋರಿಯ ಮುಂದೆ ಓದಬೇಕಾಗುತ್ತಿತ್ತು. ದಯೆಗೆ ಅವಸರವುಂಟು, ಏಕೆಂದರೆ ಮನುಷ್ಯನ ಮೈ ಕಾಯಲಾರದು. ನ್ಯಾಯಕ್ಕೆ ತಾಳ್ಮೆಯುಂಟು, ಅದು ಕಾಗದಗಳನ್ನು ಓದಬೇಕು, ಸಾಕ್ಷಿಗಳನ್ನು ಕೇಳಬೇಕು. ಒಂದನ್ನು ಕೊಟ್ಟು ಇನ್ನೊಂದು ಸಂದಾಯವಾಯಿತೆಂದು ರಸೀದಿ ಬರೆಯಿಸಿಕೊಳ್ಳುವುದೇ ತಪ್ಪು. ಬಿಡುಗಡೆಗೆ ಅಪೀಲನ್ನು ಬೆಲೆಯಾಗಿ ಕೇಳುವ ರಾಜ್ಯವು ದಯೆಯನ್ನು ಕೊಡುವುದಿಲ್ಲ, ಮಾರುತ್ತದೆ.

ವಿದ್ಯಾರ್ಥಿಗಳ ಪ್ರಶ್ನೆಗೆ ಈಗ ನಾವು ಕೊಡುವ ಉತ್ತರವು ಇಷ್ಟು. ಮಾಂಡವ್ಯನು ಅರಸನನ್ನು ಕ್ಷಮಿಸಿ ಸುಮ್ಮನೆ ಕಾಡಿಗೆ ಹೋಗಲಿಲ್ಲ. ಮೈಯಲ್ಲಿ ಶೂಲದ ತುದಿಯನ್ನು ಹೊತ್ತುಕೊಂಡೇ ಧರ್ಮದೇವತೆಯ ಸಭೆಗೆ ನಡೆದು, ‘ಯಾವ ಅಪರಾಧಕ್ಕಾಗಿ ನನಗೆ ಈ ಶಿಕ್ಷೆ?’ ಎಂದು ಕೇಳಿದನು. ಶೂಲದಿಂದ ಇಳಿದುದು ಅವನ ಸೋಲಲ್ಲ. ಇಳಿದಿದ್ದರಿಂದಲೇ ಅವನು ಅಲ್ಲಿಗೆ ನಡೆದುಹೋಗಲು ಸಾಧ್ಯವಾಯಿತು. ಡ್ರೈಫಸನೂ ಬದುಕುವುದಕ್ಕಾಗಿ ಇಳಿದನು, ಕೇಳುವುದಕ್ಕಾಗಿ ಬದುಕಿದನು. ಆ ಪ್ರಶ್ನೆಗೆ ಉತ್ತರ ಹೇಳುವ ತನಕ, ಕ್ಷಮಿಸಿದೆನೆಂದು ಹೇಳಿಕೊಳ್ಳುವ ಅಧಿಕಾರವು ಯಾವ ಅರಸನಿಗೂ ಯಾವ ರಾಷ್ಟ್ರಕ್ಕೂ ಇಲ್ಲವೆಂದು ನಾವು ನಂಬಿದ್ದೇವೆ.